ಮುಳುಗಡೆಯ ಕಥನ, ಕಾಣದ ಕರೆಂಟು

ಲೋಕವನ್ನೇ ತಿರುಗಿಸಿದ ಎಣ್ಣೆಗೆ ಕಾದಂಬರಿಯಲ್ಲಿ ಯಾಕೆ ಜಾಗವಿಲ್ಲ? ಅಬ್ದೆಲ್‌ರಹಮಾನ್ ಮುನೀಫ್ ಅವರ ಅರಬ್ಬಿ ಕಾದಂಬರಿಗಳನ್ನು ವಿಮರ್ಶಿಸುತ್ತ ಅಮಿತಾವ್ ಘೋಷ್ 1992ರಲ್ಲಿ ಎತ್ತಿದ ಪ್ರಶ್ನೆಯಿದು. ಇಂಧನವನ್ನೂ ಸಾಹಿತ್ಯವನ್ನೂ ಒಟ್ಟಿಗೆ ಓದುವ ಅಧ್ಯಯನಗಳು ಇದನ್ನು ಮತ್ತೆ ಮತ್ತೆ ನೆನೆಯುತ್ತವೆ. ಕನ್ನಡಕ್ಕೆ ಮಾತ್ರ ಅದು ಹಾಗೇ ಒಗ್ಗದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದ ನಾಡು ಇದು. ಇಲ್ಲಿ ಬಹುಕಾಲ ದೀಪ ಉರಿದದ್ದು ನೀರಿನಿಂದ. ಆ ನೀರಿಗೆ ಕನ್ನಡದಲ್ಲಿ ಕಾದಂಬರಿಗಳಿವೆ. ಅವನ್ನು ಇಂಧನದ ಕಥನಗಳೆಂದು ನಾವು ಓದಿಲ್ಲ, ಅಷ್ಟೆ.

ನಾ. ಡಿಸೋಜ ಅವರ ‘ದ್ವೀಪ’ವನ್ನೇ ನೋಡಬಹುದು. ಲೋಕೋಪಯೋಗಿ ಇಲಾಖೆಯಲ್ಲಿ ದುಡಿದ ಸಾಗರದ ಈ ಲೇಖಕರಿಗೆ ಶರಾವತಿ ಕಣ್ಣೆದುರಿನ ಸಂಗತಿ. ವಿಮರ್ಶೆ ಈ ಕೃತಿಯನ್ನು ನಿರಾಶ್ರಿತರ ಗೋಳೆಂದೋ ದಾಂಪತ್ಯದ ಬಿರುಕೆಂದೋ ಓದುತ್ತ ಬಂದಿದೆ. ಎರಡೂ ತಪ್ಪಲ್ಲ. ಆದರೆ ಕಥೆಯನ್ನು ನಡೆಸುವುದು ಏರುತ್ತಿರುವ ನೀರು. ಏರಿಸುತ್ತಿರುವುದು ದೂರದೂರಿನ ಕರೆಂಟಿನ ಹಸಿವು.

ಶರಾವತಿಗೆ ಅಡ್ಡ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಪೂರ್ಣಮಟ್ಟ 1819 ಅಡಿ. ಮಳೆಗಾಲದಲ್ಲಿ ಜಲಾಶಯದ ಮಟ್ಟ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಅಂಕಿ ಏರಿದರೆ ಪೇಟೆಯ ಓದುಗನಿಗೆ ನೆಮ್ಮದಿ; ‘ದ್ವೀಪ’ದ ದಂಪತಿ ಗಣಪಯ್ಯ, ನಾಗವೇಣಿಯರಿಗೆ ನೀರಿನ ಒಂದೊಂದು ಅಡಿಯೂ ಕಳಚುತ್ತಿರುವ ಒಂದೊಂದು ದಾರಿ. ಒಂದೇ ಅಂಕಿಯ ಈ ಎರಡು ಓದುಗಳ ನಡುವಿನ ಅಂತರವೇ ನನ್ನ ಮಟ್ಟಿಗೆ ಕಾದಂಬರಿಯ ನಿಜವಾದ ವಸ್ತು. ‘ಮುಳುಗಡೆ’ ಎಂಬ ಮಾತೂ (ಅದು ಡಿಸೋಜರ ಇನ್ನೊಂದು ಕಾದಂಬರಿಯ ಹೆಸರು) ಹೀಗೇ ಇಬ್ಬಂದಿ. ಕಡತದಲ್ಲಿ ಅದು ಎಕರೆಯ ಲೆಕ್ಕ, ಹಿನ್ನೀರಿನವರ ಬಾಯಲ್ಲಿ ಊರಿನ ಗುರುತು.

‘ದ್ವೀಪ’ವನ್ನು ಆಧರಿಸಿದ ಗಿರೀಶ ಕಾಸರವಳ್ಳಿಯವರ 2002ರ ಸಿನಿಮಾ ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಗಣಪಯ್ಯ, ನಾಗವೇಣಿಯರು ಅಲ್ಲಿ ಗಣಪ, ನಾಗಿ; ನೀರು ಇಳಿದ ಮೇಲೆ ಗಣಪ ದೇವರಿಗೆ ಕೈಮುಗಿಯುತ್ತಾನೆ. ಮನೆ ಉಳಿಸಲು ಹೆಣಗಿದ ನಾಗಿಯ ದುಡಿಮೆ ಅವನ ಲೆಕ್ಕಕ್ಕೇ ಬರುವುದಿಲ್ಲ. ವಿದ್ಯುತ್ತಿನ ಲೆಕ್ಕಪತ್ರದಲ್ಲಿ ಹಿನ್ನೀರು ಇರುವುದೂ ಹೀಗೆಯೇ. ಶರಾವತಿ ವಿದ್ಯುದಾಗಾರದ 1035 ಮೆಗಾವಾಟ್‌ಗಳಲ್ಲಿ ಬಿಟ್ಟುಬಂದ ಗದ್ದೆಯ, ತೋಟದ ಪಾಲೆಷ್ಟೆಂದು ಯಾವ ಮೀಟರೂ ತೋರಿಸದು.

ಇಂದಿನ ಚರ್ಚೆ ಅದೇ ಶರಾವತಿಯ ತಳಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವಿನ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯದು. ಬೇಡಿಕೆ ಇಳಿದಾಗ ನೀರನ್ನು ಮೇಲೆತ್ತಿ, ಏರಿದಾಗ ಕೆಳಗಿಳಿಸುವುದು ಅದರ ತಂತ್ರ. ಎತ್ತಲು ಬೇಕಾದ ವಿದ್ಯುತ್ತು ಇಳಿದಾಗ ಸಿಗುವುದಕ್ಕಿಂತ ಹೆಚ್ಚು. ಸಿಂಗಳೀಕಗಳ ಕಾಡಿನಡಿ ಸುರಂಗ ಕೊರೆಯುವ ಇಂಥ ಯೋಜನೆಗೆ ‘ಮುಳುಗಡೆ’ ಎಂಬ ಹಳೆಯ ಮಾತು ಸಾಲದು, ಹೊಸ ಮಾತು ಇನ್ನೂ ಹುಟ್ಟಿಲ್ಲ.

ಮಳೆ ಕೈಕೊಟ್ಟ ವರ್ಷ ಲಿಂಗನಮಕ್ಕಿಯ ನೀರು ತಳ ಕಂಡಾಗ ಅದರೊಳಗೆ ಮುಳುಗಿರುವ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಅದನ್ನು ಕಟ್ಟಿದ್ದೂ ಕರೆಂಟಿಗೆ, 1964ರಲ್ಲಿ ಮುಳುಗಿಸಿದ್ದೂ ಕರೆಂಟಿಗೇ.