ಶಿಖೆ, ಸೆರಗು ಮತ್ತು ಕ್ರೈಸ್ತಮತ



ಆಗುಂಬೆಯ ಘಾಟಿಯನ್ನಿಳಿದು ಸೋಮೇಶ್ವರ, ಹೆಬ್ರಿಗಳನ್ನು ದಾಟಿ ಮುಂದೆ ಹೋದರೆ ಇಗರ್ಜಿಗಳ ಕರಾವಳಿ ಎದುರಾಗುತ್ತದೆ. ಅಲ್ಲಿಯ ಕೊಂಕಣಿ ಕ್ಯಾಥೊಲಿಕರ ಮದುವೆಯನ್ನು ತಾವು ಕಂಡಿರಬಹುದು. ವಧುವಿಗೆ ‘ಸಾಡೊ’ ಎಂಬ ಕೆಂಪು ಸೀರೆ, ಕೊರಳಿಗೆ ಕರಿಮಣಿ. ಮದುವೆಗೆ ಮುನ್ನ ತೆಂಗಿನ ಹಾಲನ್ನು ಹಚ್ಚಿ ಮೀಯಿಸುವ ‘ರೋಸ್’ ಶಾಸ್ತ್ರ. ಮತ ಬದಲಾದರೂ ಮೈಮೇಲಿನ ಆಚಾರ ಉಳಿದುಕೊಂಡಿತು. ಆದರೆ ಇದೇ ಮತದ ಹೆಸರಿನಲ್ಲಿ ಬೇರೆಡೆ ಶಿಖೆಗಳು ಕತ್ತರಿಸಲ್ಪಟ್ಟವು. ಈ ವೈಷಮ್ಯವೇಕೆ?

ಇದರ ಮೂಲವಿರುವುದು ಸಂತ ಪೌಲನಲ್ಲಿ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಕೊರಿಂಥ ಪಟ್ಟಣದ ಸಭೆಗೆ ಬರೆದ ಓಲೆಯಲ್ಲಿ ಆತನು ಪ್ರಾರ್ಥನೆಯ ಹೊತ್ತಿನಲ್ಲಿ ಸ್ತ್ರೀಯು ತಲೆಯನ್ನು ಮುಚ್ಚಬೇಕು, ಪುರುಷನು ಮುಚ್ಚಲಾಗದು, ಪುರುಷನಿಗೆ ನೀಳಕೂದಲು ಅವಮಾನಕರ ಎಂದು ವಿಧಿಸುತ್ತಾನೆ. ಗಲಾತ್ಯದವರಿಗೆ ಬರೆದ ಓಲೆಯಲ್ಲಾದರೋ ಕ್ರಿಸ್ತನಲ್ಲಿ ಗಂಡು ಹೆಣ್ಣೆಂಬ ಭೇದವೇ ಇಲ್ಲವೆನ್ನುತ್ತಾನೆ. ಒಂದೇ ಲೇಖನಿಯಿಂದ ಹೊರಟ ಈ ಎರಡು ಮಾತುಗಳಲ್ಲಿ ಯಾವುದು ಧರ್ಮ, ಯಾವುದು ಆ ಊರಿನ ರೂಢಿ ಎಂಬ ಜಿಜ್ಞಾಸೆ ಆ ಮತವನ್ನು ಇಂದಿಗೂ ಬಿಟ್ಟಿಲ್ಲ.

ನಮ್ಮ ದೇಶದ ಮಟ್ಟಿಗೆ 1623ನೆಯ ವರ್ಷ ಗಮನಾರ್ಹವಾದುದು. 1606ರಲ್ಲಿ ಮದುರೆಗೆ ಬಂದ ರಾಬರ್ಟೊ ದೆ ನೊಬಿಲಿ ಎಂಬ ಇಟಲಿಯ ಜೆಸುಯಿಟ್ ಪಾದ್ರಿಯು ಕಾವಿಯುಟ್ಟು, ಮಾಂಸವನ್ನು ತೊರೆದು, ಕ್ರೈಸ್ತರಾದ ಬ್ರಾಹ್ಮಣರಿಗೆ ಶಿಖೆಯನ್ನೂ ಜನಿವಾರವನ್ನೂ ಉಳಿಸಿಕೊಳ್ಳಲು ಬಿಟ್ಟಿದ್ದನು. ಅವು ಕುಲದ ಗುರುತುಗಳೇ ಹೊರತು ದೇವತಾರಾಧನೆಯ ಅಂಗಗಳಲ್ಲವೆಂಬುದು ಆತನ ವಾದ. ಸ್ವಮತದವರೇ ದೂರಿತ್ತರು. 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗರಿಯು, ಮೂಢಾಚಾರದ ಸೋಂಕಿರಬಾರದೆಂಬ ಕಟ್ಟಳೆಯೊಡನೆ, ನೊಬಿಲಿಯ ಪಕ್ಷವನ್ನೇ ಎತ್ತಿಹಿಡಿದನು.

ಅದೇ ವರ್ಷದ ಕೊನೆಯಲ್ಲಿ ಇಟಲಿಯ ಇನ್ನೊಬ್ಬ ಕ್ರೈಸ್ತನು, ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ, ಪೋರ್ಚುಗೀಸರ ರಾಯಭಾರಿಯೊಡನೆ ಗೇರುಸೊಪ್ಪೆಯ ಮಾರ್ಗವಾಗಿ ಇಕ್ಕೇರಿಗೆ ಬಂದನು. ಸಾಗರದ ಬಳಿಯ ಇಂದಿನ ಈ ಸಣ್ಣ ಊರು ಅಂದು ಕೆಳದಿ ಅರಸರ ರಾಜಧಾನಿ. ದೊರೆ ವೆಂಕಟಪ್ಪ ನಾಯಕನು ಲಿಂಗವಂತನೆಂಬುದನ್ನು ಆತ ಗುರುತಿಸಿದ್ದಾನೆ. ಬಣ್ಣದ ಕೋಲು ಹಿಡಿದು ಬೀದಿಯಲ್ಲಿ ಕೋಲಾಟವಾಡಿದ ಹೆಂಗಳೆಯರ ಉಡುಗೆ ತೊಡುಗೆಗಳನ್ನು ಹೀಗಳೆಯದೆ, ಕುತೂಹಲದಿಂದಲೇ ವರ್ಣಿಸಿದ್ದಾನೆ. ಸಹಗಮನಕ್ಕೆ ಸಿದ್ಧಳಾದ ಒಬ್ಬ ಸ್ತ್ರೀಯನ್ನು ಕಂಡು ಆಕೆಯ ನಿರ್ಧಾರವನ್ನು ಬದಲಿಸಲು ಯತ್ನಿಸಿ ಸೋತನು. ಈತನ ಮಡದಿ 1621ರಲ್ಲಿ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು. ಆಕೆಯ ಶವವನ್ನು ಕೆಡದಂತೆ ಕಾಪಾಡಿ ರೋಮಿಗೆ ಒಯ್ದು ಮಣ್ಣುಮಾಡಿದವನು ಈತ. ಉಡುಗೆಯನ್ನು ದೇಶಾಚಾರವೆಂದು ಒಪ್ಪಿದವನು ಚಿತೆಯನ್ನು ಒಪ್ಪಲಿಲ್ಲ. ಈ ವಿವೇಚನೆ ನನಗೆ ಮೆಚ್ಚುಗೆಯಾಗಿದೆ.

ಮುಂದೆ ಪ್ರೊಟೆಸ್ಟಂಟರು ಬಂದರು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿತು. 1844ರಲ್ಲಿ ಅಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ಹರ್ಮನ್ ಎಂಬ ಹೆಸರನ್ನು ಧರಿಸಿ, ಬಾಸೆಲ್ಲಿನಲ್ಲಿ ವ್ಯಾಸಂಗ ಮಾಡಿ, 1851ರಲ್ಲಿ ಪಾದ್ರಿಯಾದರು. ಪತ್ನಿ ಲಕ್ಷ್ಮಿ ಅವರನ್ನು ಹಿಂಬಾಲಿಸಲಿಲ್ಲ. ಗಂಡು ಹೆಣ್ಣೆಂಬ ಭೇದವಿಲ್ಲವೆಂಬ ಉಪದೇಶದ ನೆರಳಿನಲ್ಲೇ ಆ ಹೆಣ್ಣುಮಗಳ ಸಂಸಾರ ಒಡೆಯಿತೆಂಬುದನ್ನು ಚರಿತ್ರಕಾರರು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ!

ಶಿಖೆಯಾದರೂ ಪ್ರೊಟೆಸ್ಟಂಟರೊಳಗೆ ವಿವಾದದ ವಸ್ತುವಾಯಿತು. ಅದು ಅನ್ಯದೇವತಾರಾಧನೆಯ ಚಿಹ್ನೆಯೆಂದು ಹಲವರು ತೆಗೆಸಿದರು. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಬರೆದ ಕಾಲ್ಡ್‌ವೆಲ್ಲರೇ 1867ರಲ್ಲಿ ಅದು ಬರಿಯ ದೇಶಾಚಾರವೆಂದು ವಾದಿಸಬೇಕಾಯಿತು.

ಇದನ್ನೆಲ್ಲ ಪರಮತದ ಗೊಂದಲವೆಂದು ಕಂಡು ನಾವು ನಗುವಂತಿಲ್ಲ. ಇಷ್ಟಲಿಂಗ ದೇಶಾಚಾರವಲ್ಲ, ಅದು ನಮಗೆ ಪ್ರಾಣ. ಅದನ್ನು ಶರಣರು ಗಂಡಿಗೆಂತೋ ಹೆಣ್ಣಿಗೂ ಅಂತೆಯೇ ಕಟ್ಟಿದರು. ಆದರೆ ತಲೆಯ ಮೇಲಿನ ಸೆರಗು? ಸೆರಗು ಹೊದೆಯದ ಹೆಣ್ಣುಮಗಳು ಪಾದಪೂಜೆಗೆ ಬಂದಾಗ ಹುಬ್ಬುಗಂಟಿಕ್ಕುವ ಹಿರಿಯರು ನಮ್ಮ ಮಠಗಳಲ್ಲಿಯೂ ಇದ್ದಾರೆ. ರೋಮಿನವರ 1917ರ ಧರ್ಮಸಂಹಿತೆಯು ಇಗರ್ಜಿಯಲ್ಲಿ ಸ್ತ್ರೀಯರು ತಲೆ ಮುಚ್ಚಬೇಕೆಂದು ವಿಧಿಸಿತ್ತು. 1983ರ ಹೊಸ ಸಂಹಿತೆಯಲ್ಲಿ ಆ ವಿಧಿಯೇ ಇಲ್ಲ. ಅವರಿಗೆ ಕೈಬಿಡಲು ಒಂದು ಲಿಖಿತ ವಿಧಿಯಾದರೂ ಇತ್ತು. ನಮ್ಮ ಹಿರಿಯರು ಯಾವ ವಚನವನ್ನು ಆಧಾರವಾಗಿ ತೋರಿಸಿಯಾರು?