‘ನಾವು’ ಎಂಬ ಪದದ ಬೆಲೆ

ಮನುಷ್ಯನ ಯೋಗ್ಯತೆಯನ್ನು ತೂಗುವ ತಕ್ಕಡಿಗಳು ನಮ್ಮ ಕಾಲದಲ್ಲಿ ಹೆಚ್ಚಿವೆ. ಅಂಕ, ಸಂಬಳ, ರೂಪ, ಹುದ್ದೆ: ಇವುಗಳಲ್ಲಿ ಒಂದರಲ್ಲಿ ಹಗುರವಾಗಿ ಕಂಡವನು ಕ್ರಮೇಣ ತನ್ನ ಬದುಕೇ ಹಗುರವೆಂದು ನಂಬತೊಡಗುತ್ತಾನೆ. ಆತ್ಮಗೌರವ ಹುಟ್ಟುವುದೆಲ್ಲಿಂದ? ಈ ಪ್ರಶ್ನೆಯನ್ನು ಹಿಡಿದು ಚರಿತ್ರೆಯ ಒಂದು ಪುಟವನ್ನು ತೆರೆಯೋಣ.

ಕುಷ್ಠರೋಗದ ಹರಡುವಿಕೆಯನ್ನು ತಡೆಯಲು ಹವಾಯಿ ರಾಜ್ಯವು 1865ರಲ್ಲಿ ಕಾನೂನೊಂದನ್ನು ತಂದಿತು. ಮರುವರ್ಷದ ಜನವರಿಯಿಂದ ರೋಗಿಗಳನ್ನು ಮೊಲೊಕೈ ದ್ವೀಪದ ಕಲೌಪಾಪ ಪರ್ಯಾಯದ್ವೀಪಕ್ಕೆ ಸಾಗಿಸಲಾಯಿತು. ಮೂರು ಕಡೆ ಕಡಲು, ಹಿಂದೆ ಗೋಡೆಯಂತೆ ನಿಂತ ಬೆಟ್ಟ. 1969ರಲ್ಲಿ ಈ ಪ್ರತ್ಯೇಕತೆ ಕೊನೆಗೊಳ್ಳುವವರೆಗೆ ಸುಮಾರು 8,000 ಜನರು ಅಲ್ಲಿಗೆ ಕಳುಹಿಸಲ್ಪಟ್ಟರು. ರೋಗಕ್ಕಿಂತ ಮೊದಲು ಅವರನ್ನು ಕೊಂದದ್ದು ‘ನೀವು ನಮ್ಮವರಲ್ಲ’ ಎಂಬ ತೀರ್ಪು.

ಆದರೂ ಅಲ್ಲಿ ಮನುಷ್ಯತ್ವ ಸತ್ತಿರಲಿಲ್ಲ. ಆರೋಗ್ಯವಂತರಾಗಿದ್ದೂ ತಮ್ಮ ಗಂಡನನ್ನೋ ಹೆಂಡತಿಯನ್ನೋ ಮಗುವನ್ನೋ ಬಿಟ್ಟಿರಲಾರದೆ ಜೊತೆಯಲ್ಲಿ ಹೋದವರಿದ್ದರು. ಅವರನ್ನು ‘ಕೋಕುವಾ’ ಎನ್ನುತ್ತಿದ್ದರು, ಸಹಾಯಕರು ಎಂದರ್ಥ. ಮೊದಲ ವರ್ಷದಲ್ಲೇ 35 ಮಂದಿ ರೋಗಿಗಳು ತಾವಾಗಿಯೇ ಸೇರಿ ಸಿಲೋವಾಮ ಎಂಬ ಪ್ರೊಟೆಸ್ಟೆಂಟ್ ಸಭೆಯನ್ನು ಕಟ್ಟಿಕೊಂಡರು.

1873ರ ಮೇ ತಿಂಗಳಲ್ಲಿ ಬೆಲ್ಜಿಯಂ ದೇಶದ ಯಾಜಕ ಡೇಮಿಯನ್ ಡಿ ವೂಸ್ಟರ್ ಅಲ್ಲಿಗೆ ಬಂದರು. ಆಗ ಅವರಿಗೆ 33 ವರ್ಷ. ಕೆಲವು ಗುರುಗಳು ಸರದಿಯಂತೆ ಹೋಗಿಬರಬೇಕೆಂಬುದು ಮೊದಲಿನ ಯೋಜನೆ; ಡೇಮಿಯನ್ ಅಲ್ಲೇ ಉಳಿದರು. ಹುಣ್ಣುಗಳನ್ನು ತೊಳೆದರು, ಮನೆಗಳನ್ನು ಕಟ್ಟಿದರು, ಶವಪೆಟ್ಟಿಗೆಗಳನ್ನು ತಮ್ಮ ಕೈಯಾರೆ ಮಾಡಿದರು, ರೋಗಿಗಳೊಂದಿಗೆ ಒಂದೇ ಪಾತ್ರೆಯಲ್ಲಿ ಉಂಡರು.

ಡೇಮಿಯನ್ನರು ತಮಗೆ ರೋಗ ತಗುಲಿದ ಮೇಲೆ ಒಂದು ಭಾನುವಾರದ ಪ್ರಬೋಧನೆಯಲ್ಲಿ ಮೊದಲ ಬಾರಿಗೆ ತಮ್ಮನ್ನೂ ಕುಷ್ಠರೋಗಿಗಳೊಳಗೆ ಎಣಿಸಿಕೊಂಡು ‘ನಾವು’ ಎಂದರೆಂಬ ಕಥೆ ಜನಪ್ರಿಯವಾಗಿದೆ. ಆದರೆ ಅಲ್ಲಿಗೆ ಬಂದ ವರ್ಷದ ಕೊನೆಯಲ್ಲೇ ಸಹೋದರನಿಗೆ ಬರೆದ ಪತ್ರದಲ್ಲಿ, ಪ್ರಬೋಧಿಸುವಾಗ ತಾವು ಹಾಗೆಯೇ ಮಾತನಾಡುವುದಾಗಿ ಅವರು ತಿಳಿಸಿದ್ದರು. ರೋಗಲಕ್ಷಣಗಳು ಖಚಿತವಾದದ್ದು ಸುಮಾರು ಹನ್ನೊಂದು ವರ್ಷಗಳ ಬಳಿಕ. ಹಾಗಾದರೆ ಅವರನ್ನು ಆ ಜನರೊಂದಿಗೆ ಬೆಸೆದದ್ದು ರೋಗವಲ್ಲ, ಪ್ರೀತಿ. 1889ರ ಏಪ್ರಿಲ್ 15ರಂದು ಅವರು ನಿಧನರಾದರು. 2009ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ಡೇಮಿಯನ್ನರು ತೀರಿಕೊಂಡ ಮರುವರ್ಷ, 1890ರಲ್ಲಿ, ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಕುಷ್ಠರೋಗಿಗಳಿಗಾಗಿ ಆಶ್ರಯಧಾಮವನ್ನು ತೆರೆದರು. ದೂರ ತಳ್ಳಲ್ಪಟ್ಟವರಿಗೆ ಅಲ್ಲಿ ಔಷಧದ ಜೊತೆಗೆ ನೆರಳೂ ದೊರೆಯಿತು.

ಮನುಷ್ಯನ ಘನತೆಯನ್ನು ಡೇಮಿಯನ್ ಸೃಷ್ಟಿಸಲಿಲ್ಲ. ಅದು ದೇವರು ತನ್ನ ಸ್ವರೂಪದಲ್ಲಿ ನಮ್ಮನ್ನು ಉಂಟುಮಾಡಿದಾಗಲೇ ಇತ್ತ ವರ. ಸಿಲೋವಾಮದ ಆ 35 ಮಂದಿ ಅದನ್ನು ಅರಿತಿದ್ದರು. ಆದರೆ ಆ ವರದ ಮೇಲೆ ಸಮಾಜ ಸುರಿದ ಮಣ್ಣನ್ನು ಸರಿಸಲು ಮತ್ತೊಬ್ಬರ ಕೈ ಬೇಕಾಗುತ್ತದೆ. ಯೇಸುಸ್ವಾಮಿ ಕುಷ್ಠರೋಗಿಯನ್ನು ಗುಣಪಡಿಸುವಾಗ ಕೈಚಾಚಿ ಮುಟ್ಟಿದ್ದು ಇದಕ್ಕೇ ಇರಬೇಕು.

ಇಂದು ಈ ರೋಗಕ್ಕೆ ಔಷಧವಿದೆ. ಒಂಟಿತನದ ದ್ವೀಪಗಳು ಮಾತ್ರ ನಮ್ಮ ಬೀದಿಗಳಲ್ಲೇ ಇವೆ. ಮಕ್ಕಳು ದೂರವಾದ ವೃದ್ಧೆ, ಪರೀಕ್ಷೆಯಲ್ಲಿ ಸೋತ ಹುಡುಗ, ಕೆಲಸ ಕಳೆದುಕೊಂಡ ಅಪ್ಪ. ಇವರ ಕುರಿತು ಮಾತನಾಡುವಾಗ ನಾವು ‘ಅವರು’ ಎನ್ನುತ್ತೇವೆಯೇ, ‘ನಾವು’ ಎನ್ನುತ್ತೇವೆಯೇ? ಮುಂದಿನ ಭಾನುವಾರ ಪೂಜೆ ಮುಗಿಸಿ ಮನೆಗೆ ಮರಳುವ ಹಾದಿಯಲ್ಲಿ ಅಂಥ ಒಂದು ಬಾಗಿಲನ್ನಾದರೂ ತಟ್ಟೋಣ.