ಗೊಂಬೆ ಮೆಟ್ಟಿಲಿನ ಚರಿತ್ರೆ

ಹೈಸ್ಕೂಲು ಮಕ್ಕಳಿಗೆ ಇತಿಹಾಸ ಪಾಠ ಹೇಳುವುದು ನನ್ನ ವೃತ್ತಿ. ಯುದ್ಧಗಳು, ಒಪ್ಪಂದಗಳು, ಪಟ್ಟಾಭಿಷೇಕದ ಇಸವಿಗಳು, ಇವೆಲ್ಲ ಪಠ್ಯಪುಸ್ತಕದಲ್ಲಿ ಅಚ್ಚುಕಟ್ಟಾಗಿ ಸಿಗುತ್ತವೆ. ಆದರೆ ನಮ್ಮ ಅಜ್ಜಿಯರ, ಅತ್ತೆಯರ ಇತಿಹಾಸ ಎಲ್ಲಿದೆ ಎಂದು ಯಾರಾದರೂ ಕೇಳಿದರೆ, ನಾನು ಅಟ್ಟದ ಮೇಲಿನ ಟ್ರಂಕಿನ ಕಡೆ ಕೈ ತೋರಿಸುತ್ತೇನೆ. ಹಳೆಯ ಸೀರೆ ಚೂರುಗಳಲ್ಲಿ ಸುತ್ತಿ, ಕರ್ಪೂರದ ಬಿಲ್ಲೆ ಹಾಕಿ, ವರ್ಷವಿಡೀ ಮಲಗಿಸಿಟ್ಟು, ನವರಾತ್ರಿಯ ಪಾಡ್ಯಕ್ಕೆ ಎಬ್ಬಿಸುವ ಗೊಂಬೆಗಳು ನಮ್ಮ ಮನೆಗಳ ಪತ್ರಾಗಾರ. ಅದನ್ನು ಓದುವುದು ಹೇಗೆಂದು ಮಾತ್ರ ನಮಗೆ ಯಾರೂ ಕಲಿಸಲಿಲ್ಲ.

ನವರಾತ್ರಿಯ ವೈಭವಕ್ಕೆ ನಮ್ಮ ನಾಡಿನಲ್ಲಿ ದೊಡ್ಡ ಪರಂಪರೆಯೇ ಇದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ಅಬ್ದುಲ್ ರಜಾಕ್, 1520ರ ಸುಮಾರಿಗೆ ಬಂದ ಪೋರ್ಚುಗೀಸಿನ ಡೊಮಿಂಗೊ ಪೇಸ್, ಇಬ್ಬರೂ ಅಲ್ಲಿಯ ಮಹಾನವಮಿಯ ಸಂಭ್ರಮವನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾರೆ. ವಿಜಯನಗರದ ವೈಭವ ಅಳಿದ ಮೇಲೆ, 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆಚರಣೆಯನ್ನು ಮುಂದುವರಿಸಿದರು. 1799ರ ನಂತರ ಅದು ಮೈಸೂರಿಗೆ ಬಂತು. ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಗಿ, 1912ರಲ್ಲಿ ಈಗಿನ ಅರಮನೆ ಸಿದ್ಧವಾಯಿತು. ಅದರಲ್ಲಿ ಗೊಂಬೆಗಳಿಗೆಂದೇ ಒಂದು ಜಾಗವಿದೆ, ಅದರ ಹೆಸರೇ ಗೊಂಬೆ ತೊಟ್ಟಿ. ಮೈಸೂರು ನೋಡಲು ಹೋದವರು ಚಿನ್ನದ ಅಂಬಾರಿಯನ್ನು ನೋಡುವ ಆತುರದಲ್ಲಿ ಈ ತೊಟ್ಟಿಯನ್ನು ಬೇಗ ಬೇಗ ದಾಟಿಬಿಡುತ್ತಾರೆ. ನನಗಂತೂ ಅರಮನೆಯಲ್ಲಿ ಮನಸ್ಸಿಗೆ ಹತ್ತಿರವಾದದ್ದು ಅದೇ.

ಅರಮನೆಯಲ್ಲಿ ರಾಜರು ದರ್ಬಾರು ನಡೆಸಿದರೆ, ಊರಿನ ಹೆಂಗಸರು ಅದೇ ದರ್ಬಾರನ್ನು ನಡುಮನೆಗೆ ತಂದುಕೊಂಡರು. ಮೇಲಿನ ಮೆಟ್ಟಿಲಿನಲ್ಲಿ ಕಲಶ, ಅದರ ಪಕ್ಕದಲ್ಲಿ ರಾಜ ರಾಣಿ, ಕೆಳಗೆ ದೇವಾನುದೇವತೆಗಳು, ಅದರ ಕೆಳಗೆ ಆನೆ, ಕುದುರೆ, ಸಿಪಾಯಿಗಳು, ಬ್ಯಾಂಡಿನವರು. 1971ರಲ್ಲಿ ದೆಹಲಿಯ ಸರ್ಕಾರ ರಾಜಧನವನ್ನು ರದ್ದು ಮಾಡಿತು. ನಮ್ಮ ಮನೆಯ ಪಟ್ಟದ ಗೊಂಬೆಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ!

ಬೆಂಗಳೂರಿನಲ್ಲಿ ಈ ಹಬ್ಬಕ್ಕೆ ಹೇಳಿ ಮಾಡಿಸಿದಂಥ ಬಡಾವಣೆಗಳೆಂದರೆ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ. ಮೂರೂ 1890ರ ದಶಕದ ಕೂಸುಗಳು. ಚಾಮರಾಜಪೇಟೆಗೆ ಚಾಮರಾಜೇಂದ್ರ ಒಡೆಯರ ಹೆಸರು, ಬಸವನಗುಡಿಗೆ ದೊಡ್ಡ ಬಸವಣ್ಣನದು, ಮಲ್ಲೇಶ್ವರಕ್ಕೆ ಕಾಡು ಮಲ್ಲೇಶ್ವರನದು. 1898ರಲ್ಲಿ ಪ್ಲೇಗು ಬಂದಾಗ ಇಕ್ಕಟ್ಟಾದ ಹಳೆಯ ಪೇಟೆಯನ್ನು ಬಿಟ್ಟು ಜನ ಈ ಹೊಸ ಬಡಾವಣೆಗಳಿಗೆ ಬಂದರು. ಅಗಲವಾದ ರಸ್ತೆ, ಮನೆ ಮುಂದೆ ಜಗುಲಿ, ಒಳಗೆ ಉದ್ದನೆಯ ನಡುಮನೆ. ಅನುಕೂಲವಂತರ ಮನೆಯಲ್ಲಿ ಒಂಬತ್ತು ಮೆಟ್ಟಿಲು. ವಠಾರದ ಎರಡು ಕೋಣೆಯ ಸಂಸಾರದಲ್ಲಿ ಮೂರೇ ಮೆಟ್ಟಿಲು. ಮೆಟ್ಟಿಲುಗಳ ಸಂಖ್ಯೆ ಬೆಸವಾಗಿದ್ದರೆ ಸಾಕು, ಶಾಸ್ತ್ರ ಮುಗಿಯಿತು. ಬೆಂಚು, ಸೀಮೆಎಣ್ಣೆ ಡಬ್ಬ, ಟ್ರಂಕು, ಯಜಮಾನರ ದಪ್ಪ ದಪ್ಪ ಪುಸ್ತಕ, ಎಲ್ಲವನ್ನೂ ಜೋಡಿಸಿ ಮೇಲೆ ಬಿಳಿ ಪಂಚೆ ಹೊದಿಸಿದರೆ ಒಳಗಿನ ಗುಟ್ಟು ಯಾರಿಗೆ ತಿಳಿಯಬೇಕು? ಸಂಜೆಯಾದರೆ ಸಾಕು, ಮಕ್ಕಳ ದಂಡು ಮನೆ ಮನೆಗೆ ಹೊರಡುತ್ತಿತ್ತು. ನಾವು ಚಿಕ್ಕವರಾಗಿದ್ದಾಗ ಚಾಮರಾಜಪೇಟೆಯಲ್ಲಿ ಬೊಂಬೆ ಬಾಗಿನಕ್ಕೆ ಯಾರ ಮನೆಯಲ್ಲಿ ಕೊಬ್ಬರಿ ಮಿಠಾಯಿ, ಯಾರ ಮನೆಯಲ್ಲಿ ಬರೀ ಉಸಲಿ ಎಂಬುದು ನಮಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು.

ಈಗ ಒಂದೊಂದೇ ಮೆಟ್ಟಿಲನ್ನು ಓದೋಣ.

ಮೊದಲನೆಯದು ಪಟ್ಟದ ಗೊಂಬೆ. ಮದುವೆಯಲ್ಲಿ ಮಗಳಿಗೆ ತೌರಿನವರು ಕೊಡುವ ಜೋಡಿ. ರಕ್ತಚಂದನದ ಮರದಲ್ಲಿ ಕೆತ್ತಿದ್ದು, ತಿರುಪತಿ ಯಾತ್ರೆಗೆ ಹೋದವರು ತರುತ್ತಿದ್ದರು. ಆ ಮರ ಬೆಳೆಯುವುದೇ ಆಂಧ್ರದ ದಕ್ಷಿಣದ ಶೇಷಾಚಲ ಮತ್ತು ಸುತ್ತಿನ ಬೆಟ್ಟಗಳಲ್ಲಿ. 1995ರಿಂದ ಅದು ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿರುವ ಮರಗಳ ಪಟ್ಟಿಯಲ್ಲಿದೆ. ಹೆಣ್ಣುಮಗಳು ಗಂಡನ ಮನೆಗೆ ತಂದ ಬೆಳ್ಳಿ ಬಂಗಾರ ಕಷ್ಟಕಾಲದಲ್ಲಿ ಅಡವಿಗೆ ಹೋಗುತ್ತಿತ್ತು, ಪಾತ್ರೆಗಳು ಮನೆಯ ಪಾತ್ರೆಗಳಲ್ಲಿ ಸೇರಿಹೋಗುತ್ತಿದ್ದವು. ಪಟ್ಟದ ಗೊಂಬೆಯನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಅತ್ತೆಯ ಜೋಡಿ, ಸೊಸೆಯ ಜೋಡಿ ಎಂದು ಬೇರೆ ಬೇರೆಯಾಗಿಯೇ ಉಳಿಯುತ್ತಿದ್ದವು. ಒಂದು ಮನೆಯ ಮೇಲಿನ ಮೆಟ್ಟಿಲಿನಲ್ಲಿ ನಾಲ್ಕು ಜೋಡಿ ನಿಂತಿದ್ದರೆ, ಆ ಮನೆಗೆ ನಾಲ್ಕು ತೌರಿನ ಹೆಣ್ಣುಮಕ್ಕಳು ಬಂದಿದ್ದಾರೆ ಎಂದು ಅರ್ಥ. ವಂಶವೃಕ್ಷ ಬರೆಯುವವರು ಗಂಡಸರ ಹೆಸರನ್ನಷ್ಟೇ ಬರೆಯುತ್ತಾರೆ. ಗೊಂಬೆ ಮೆಟ್ಟಿಲಿನಲ್ಲಿ ಲೆಕ್ಕಕ್ಕೆ ಬರುವವರು ಹೆಂಗಸರು.

ಕೆಳಗೆ ಬಂದರೆ ಚನ್ನಪಟ್ಟಣದ ಬಣ್ಣದ ಗೊಂಬೆಗಳು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು, ಮೈಸೂರು ರೈಲಿನ ದಾರಿಯಲ್ಲೇ ಇರುವ ಊರು. ಹಗುರವಾದ ಆಲೆ ಮರವನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತಾ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆಯ ಗರಿಯಿಂದ ಉಜ್ಜಿದರೆ ಕನ್ನಡಿಯಂಥ ಹೊಳಪು. ಈ ಕಸುಬಿನಲ್ಲಿ ತಲೆತಲಾಂತರದಿಂದ ದುಡಿದವರಲ್ಲಿ ಮುಸ್ಲಿಂ ಕುಟುಂಬಗಳು ಬಹಳ. ಅವರು ಕಡೆದ ಗೊಂಬೆಗಳು ನಮ್ಮ ನವರಾತ್ರಿಯಲ್ಲಿ ದೇವಿಯ ಎದುರಿಗೆ ಕೂರುತ್ತವೆ. ಇದರಲ್ಲಿ ವಿಶೇಷವೇನೂ ಇದೆ ಎಂದು ನಮ್ಮ ಅಜ್ಜಿಗೆ ಅನಿಸಿರಲೇ ಇಲ್ಲ.

ಅಲ್ಲೇ ಪಕ್ಕದಲ್ಲಿ ಮಣ್ಣಿನ ಶೆಟ್ಟಿ, ಶೆಟ್ಟಮ್ಮ. ಎದುರಿಗೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ. ಎಷ್ಟೋ ಮನೆಗಳಲ್ಲಿ ಅವರ ನೆರೆಗೆ ಜಪಾನಿನ ಪಿಂಗಾಣಿ ಹುಡುಗಿ ಅಥವಾ ಕಣ್ಣು ಮುಚ್ಚಿ ತೆರೆಯುವ ಸೀಮೆಯ ಗೊಂಬೆ. ಪೇಟೆಗೆ ಏನೇನು ಬಂದಿತೋ ಅದೆಲ್ಲ ಮೆಟ್ಟಿಲಿಗೂ ಬಂತು. ಮಡಿ ಮೈಲಿಗೆಯ ಮನೆಯಲ್ಲೂ ಫ್ರಾಕು ತೊಟ್ಟ ಗೊಂಬೆಗೆ ಅಡ್ಡಿಯಿರಲಿಲ್ಲ.

ಇವೆಲ್ಲ ಕೊಂಡು ತಂದವು. ಮನೆಯಲ್ಲೇ ಮಾಡಿದವುಗಳ ಕಥೆ ಬೇರೆ. ಶ್ರಾವಣ ಮುಗಿಯುವುದೇ ತಡ, ಮಧ್ಯಾಹ್ನದ ಕೆಲಸ ಶುರುವಾಗುತ್ತಿತ್ತು. ಗಾಜಿನ ಮಣಿ ಪೋಣಿಸಿ ಮಾಡಿದ ತೋರಣ, ಮಣಿಯ ಹಂಸ, ಬಳೆ ಚೂರನ್ನು ದೀಪದ ಬಿಸಿಗೆ ಬಗ್ಗಿಸಿ ಕೊಂಡಿ ಹಾಕಿದ ಸರ, ಬೇಗಡೆ ಕಾಗದದ ಹೂವು, ಹತ್ತಿಯ ಗೆಜ್ಜೆವಸ್ತ್ರ. ಹರಿದ ರೇಷ್ಮೆ ಸೀರೆಯ ಸೆರಗಿನಿಂದ ಜರಿ ಬಿಡಿಸಿ ರಾಣಿಗೆ ಹೊಸ ಸೀರೆ, ರಾಜನಿಗೆ ಪೇಟ. ಒಂದು ವಾರ ಮೊದಲೇ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ, ಸಾಸಿವೆ ಚೆಲ್ಲಿ ನೀರು ಚಿಮುಕಿಸಿದರೆ, ಹಬ್ಬದ ಹೊತ್ತಿಗೆ ಹಸಿರು ಮೊಳೆತು ಪಾರ್ಕು ತಯಾರು. ಅದರ ನಡುವೆ ಕನ್ನಡಿ ಚೂರಿನ ಕೊಳ, ಕೊಳದಲ್ಲಿ ಮಣಿಯ ಹಂಸ.

ನಮ್ಮ ಮನೆಯಲ್ಲಿ ಇದನ್ನೆಲ್ಲ ಮಾಡುತ್ತಿದ್ದವರು ನನ್ನ ತಂದೆಯ ಸೋದರತ್ತೆ. ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದು ಅತ್ತೆಮ್ಮ ಎಂದು. ಹದಿನೆಂಟು ತುಂಬುವ ಮೊದಲೇ ವಿಧವೆಯಾಗಿ ತೌರಿಗೆ ಬಂದವರು, ಮತ್ತೆ ಹೊಸಿಲು ದಾಟಲಿಲ್ಲ. ಅವರ ಕೈಯಲ್ಲಿ ಮಣಿ ಮಾತಾಡುತ್ತಿತ್ತು. ಬೀದಿಯ ಹೆಂಗಸರೆಲ್ಲ ನಮ್ಮ ಮನೆಯ ತೋರಣದ ನಮೂನೆ ಕೇಳಿಕೊಂಡು ಬರುತ್ತಿದ್ದರು. ಆದರೆ ಸಂಜೆ ಅರಿಶಿನ ಕುಂಕುಮಕ್ಕೆ ಮುತ್ತೈದೆಯರು ಬರುವ ಹೊತ್ತಿಗೆ ಅತ್ತೆಮ್ಮ ಅಡುಗೆಮನೆಯ ಬಾಗಿಲ ಹಿಂದೆ ಇರುತ್ತಿದ್ದರು. "ಎಷ್ಟು ಚೆನ್ನಾಗಿ ಮಾಡಿದ್ದೀರಿ!" ಎಂಬ ಹೊಗಳಿಕೆಗೆ ನಮ್ಮ ಅಜ್ಜಿ ತಲೆದೂಗುತ್ತಿದ್ದರು. ಅಜ್ಜಿ ಕೆಟ್ಟವರೇನಲ್ಲ. ನಾದಿನಿಗೆ ಊಟಕ್ಕೆ, ಬಟ್ಟೆಗೆ ಎಂದೂ ಕಡಿಮೆ ಮಾಡಿದವರಲ್ಲ. ಪದ್ಧತಿ ಹಾಗಿತ್ತು, ಅದನ್ನು ಯಾರೂ ಪ್ರಶ್ನಿಸಲಿಲ್ಲ. ಒಂದು ಸಲ ನಾನೇ ಕೇಳಿದ್ದೆ, "ಅತ್ತೆಮ್ಮ, ನೀವು ಯಾಕೆ ಆರತಿ ಎತ್ತುವುದಿಲ್ಲ?" ಅವರು ಮಣಿಯಿಂದ ಕಣ್ಣು ತೆಗೆಯದೆ, "ಸೂಜಿಗೆ ದಾರ ಏರಿಸಿಕೊಡು ಪುಟ್ಟಿ, ನನಗೆ ಕಾಣಿಸೋಲ್ಲ" ಅಂದರು.

ಬಾಲವಿಧವೆಯಾದವರೆಲ್ಲ ಬಾಗಿಲ ಹಿಂದೆಯೇ ಉಳಿದರು ಎಂದಲ್ಲ. ಅದೇ ಚಾಮರಾಜಪೇಟೆಯ ಮಕ್ಕಳ ಕೂಟವನ್ನು ಕಟ್ಟಿದ ಆರ್. ಕಲ್ಯಾಣಮ್ಮನವರೂ ಬಾಲವಿಧವೆಯೇ. 1913ರಲ್ಲಿ ಶಾರದಾ ಸ್ತ್ರೀ ಸಮಾಜ ಸ್ಥಾಪಿಸಿದರು, 1921ರಿಂದ 'ಸರಸ್ವತಿ' ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಅವರು ಮರುಮದುವೆಯಾದರು, ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದರು, 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ನೇತೃತ್ವ ವಹಿಸಿ ದೇಶದ ಕುಶಲಕರ್ಮಿಗಳಿಗೆ ಮಾನ ತಂದುಕೊಟ್ಟರು. ನಮ್ಮ ರಾಜ್ಯದಲ್ಲೂ 1964ರಲ್ಲಿ ಕರಕುಶಲ ಅಭಿವೃದ್ಧಿ ನಿಗಮ ಬಂತು, ಕಾವೇರಿ ಎಂಪೋರಿಯಂ ಬಂತು, ಕೊಪ್ಪಳದ ಕಿನ್ನಾಳದ ಗೊಂಬೆಗಳು ಬೆಂಗಳೂರಿನ ಗಾಜಿನ ಕಪಾಟಿಗೆ ಬಂದವು. ಅಂಗಡಿಗೆ ಬಂದ ಕೆಲಸಕ್ಕೆ ಬೆಲೆ ಸಿಕ್ಕಿತು. ಮಧ್ಯಾಹ್ನದ ಹೊತ್ತು ಮನೆಯೊಳಗೆ ಮಾಡಿದ ಕೆಲಸ ಮಾತ್ರ 'ಹೊತ್ತು ಹೋಗದ ಕೆಲಸ' ಎನ್ನಿಸಿಕೊಂಡೇ ಉಳಿಯಿತು.

ಈಗ ಆ ಬೀದಿಗಳಲ್ಲಿ ಜಗುಲಿಯ ಮನೆಗಳು ಬೆರಳೆಣಿಕೆಯಷ್ಟು. ನಮ್ಮ ಮನೆಯೂ ಪಾಲಾಯಿತು, ಕೆಡವಿದ ಜಾಗದಲ್ಲಿ ಅಪಾರ್ಟ್‌ಮೆಂಟು ನಿಂತಿದೆ. ನಿವೇಶನ ಪಾಲು ಮಾಡಲು ವಕೀಲರು ಬೇಕಾದರು. ಗೊಂಬೆಗಳನ್ನು ನಾವು ಹೆಣ್ಣುಮಕ್ಕಳು ಒಂದು ಮಧ್ಯಾಹ್ನ ಕಾಫಿ ಕುಡಿಯುತ್ತಾ ಹಂಚಿಕೊಂಡೆವು. ಎಲ್ಲರೂ ಪಟ್ಟದ ಗೊಂಬೆ ಬೇಕೆಂದರು. ಅತ್ತೆಮ್ಮನ ಮಣಿಯ ಹಂಸ ನನ್ನ ಪಾಲಿಗೆ ಬಂತು. ದಾರ ಜೀರ್ಣವಾಗಿ ಕತ್ತಿನ ಬಳಿ ಮಣಿ ಉದುರಿವೆ. ನನ್ನ ಮಗಳು ಅದನ್ನು ನೋಡಿ, "ಇದನ್ನ ಮಾಡಿದ್ದು ಯಾರಮ್ಮ?" ಎಂದಳು. ಅತ್ತೆಮ್ಮ ಎಂದೆ. "ಅವರ ಹೆಸರೇನು?" ಎಂದಳು. ಹೇಳಿದೆ. ನಮ್ಮ ಮನೆಯಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಗಿತ್ತೋ!

ಅಂದಿನಿಂದ ಪ್ರತಿ ವರ್ಷ ದಸರಾ ರಜೆಗೆ ನನ್ನ ತರಗತಿಯ ಮಕ್ಕಳಿಗೆ ಒಂದು ಮನೆಗೆಲಸ ಕೊಡುತ್ತೇನೆ. ಮನೆಯಲ್ಲಿರುವ ಕೈಯಿಂದ ಮಾಡಿದ ಯಾವುದಾದರೂ ಒಂದು ವಸ್ತುವನ್ನು ಆರಿಸಿ, ಮೂರು ಪ್ರಶ್ನೆ ಕೇಳಿ: ಮಾಡಿದವರು ಯಾರು, ಯಾವಾಗ ಮಾಡಿದರು, ಅದು ಈ ಮನೆಗೆ ಹೇಗೆ ಬಂತು? ಮೊದಲ ವರ್ಷ ಒಬ್ಬ ಹುಡುಗಿ ಎದ್ದು ನಿಂತು, "ನಮ್ಮನೇಲಿ ಗೊಂಬೆ ಇಡಲ್ಲ ಮಿಸ್" ಎಂದಳು. ಗೊಂಬೆಯೇ ಆಗಬೇಕೆಂದಿಲ್ಲ ಎಂದೆ. ರಜೆ ಮುಗಿಸಿ ಬರುವಾಗ ಅಜ್ಜಿ ಹೊಲಿದ ಕೌದಿಯನ್ನು ಹೊತ್ತು ತಂದಳು. ಯಾವ ತುಂಡು ಯಾರ ಸೀರೆಯದು, ಯಾವುದು ತಾತನ ಅಂಗಿಯದು ಎಂದು ಬೆರಳಿಟ್ಟು ತೋರಿಸಿದಳು. ಅಷ್ಟು ಒಳ್ಳೆಯ ಇತಿಹಾಸ ಪಾಠವನ್ನು ನಾನು ಎಂದೂ ಮಾಡಿಲ್ಲ.

ಗಾಂಧಿ ಬಜಾರಿನಲ್ಲಿ, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ಹಬ್ಬದ ಸಾಮಾನು ಈಗಲೂ ರಾಶಿ ರಾಶಿ ಬರುತ್ತದೆ. ಹೊಸ ಗೊಂಬೆ ಕೊಳ್ಳಿ, ಬೇಡವೆನ್ನುವುದಿಲ್ಲ. ಮಾಡಿದವನ ಹೊಟ್ಟೆಯೂ ತುಂಬಬೇಕಲ್ಲ. ಆದರೆ ಈ ಸಲ ಟ್ರಂಕು ಇಳಿಸಿದಾಗ, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದೊಂದೇ ಗೊಂಬೆ ಬಿಚ್ಚುವಾಗ ಕೇಳಿ, ಚಿಕ್ಕ ಚೀಟಿಯಲ್ಲಿ ಬರೆದು ಅದರ ಅಡಿಗೆ ಅಂಟಿಸಿ. 'ದೊಡ್ಡಮ್ಮ', 'ಅತ್ತೆ' ಎಂದಷ್ಟೇ ಬರೆದು ನಿಲ್ಲಿಸಬೇಡಿ, ಅವರವರ ಹೆಸರನ್ನೇ ಬರೆಯಿರಿ. ಈ ಕೆಲಸವನ್ನು ಮುಂದಿನ ವರ್ಷಕ್ಕೆ ಮುಂದೂಡಲೂಬೇಡಿ. ಗೊಂಬೆಗಳು ಟ್ರಂಕಿನಲ್ಲಿ ನೂರು ವರ್ಷವಾದರೂ ಕಾಯುತ್ತವೆ, ಹೇಳುವವರು ಅಷ್ಟು ಕಾಲ ಇರುವುದಿಲ್ಲ.